ಕಾರಿನ ಕೂಲಂಟ್ ದಾರಿಯಲ್ಲಿ ಗಾಳಿ ಕಟ್ಟಿಕೊಂಡರೆ: ಮನೆಯಲ್ಲೇ ತೆಗೆಯುವ ವಿಧಾನ

ಎರಡು ವರ್ಷದ ಹಿಂದಿನ ಮಾತು. ನನ್ನ ಹಳೇ ಪೆಟ್ರೋಲ್ ಕಾರಿನ ರೇಡಿಯೇಟರ್ ಹೋಸ್ ಸೀಳಿತ್ತು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಬಾಟಲ್‌ನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಗೆರೆಯವರೆಗೆ ಇತ್ತು, ಎಲ್ಲೂ ಸೋರುತ್ತಿರಲಿಲ್ಲ. ದುಡ್ಡು ಕೊಟ್ಟು ಬಂದೆ. ಮರುದಿನ ಮಂಡ್ಯದ ಹತ್ತಿರ ಮಾವನ ಊರಿಗೆ ಹೊರಟೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡೆ. ಗಾಡಿ ತೆವಳುತ್ತಿತ್ತು. ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಏರಿತು. ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ತಾನಾಗೇ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು.

ಊರು ತಲುಪಿ ಬಾನೆಟ್ ಎತ್ತಿದಾಗ ಮಾವ ಬಂದು ನೋಡಿದರು. ಅವರು ಕಾರಿನ ಕೆಲಸ ಕಲಿತವರಲ್ಲ, ಗದ್ದೆಯವರು. ಮುಳ್ಳಿನ ಆಟ ಹೇಳಿದ ಕೂಡಲೇ ಅಂದರು: “ನೀರು ಅದೆ, ಆದ್ರೆ ಒಳಗೆ ಗಾಳಿ ಕುಂತದೆ ಕಣಪ್ಪ. ನಮ್ ಪಂಪ್‌ಸೆಟ್ಟೂ ಹಿಂಗೇ ಆಡ್ತದೆ.”

ಅವರ ಮಾತು ನೂರಕ್ಕೆ ನೂರು ಸರಿ. ಪಂಪ್‌ಸೆಟ್‌ನ ಫುಟ್‌ವಾಲ್ವ್ ಸೋರಿ ಪೈಪಿನಲ್ಲಿ ಗಾಳಿ ಸೇರಿದರೆ ಮೋಟಾರು ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ. ಕಾರಿನ ವಾಟರ್ ಪಂಪ್ ಕೂಡ ಅದೇ ಜಾತಿಯದು. ರೆಕ್ಕೆ ನೀರನ್ನು ತಳ್ಳಬಲ್ಲದು, ಗಾಳಿಯನ್ನು ತಳ್ಳಲಾರದು. ಹೋಸ್, ರೇಡಿಯೇಟರ್, ಥರ್ಮೋಸ್ಟಾಟ್ (ಕೂಲಂಟ್ ಕಾದ ಮೇಲೆ ತೆರೆಯುವ ವಾಲ್ವ್), ವಾಟರ್ ಪಂಪ್, ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಒಳಗೆ ಗಾಳಿ ಸೇರುತ್ತದೆ. ಕೂಲಂಟ್ ಬದಲಾಯಿಸಿದರೂ ಅಷ್ಟೇ. ಆ ಗಾಳಿ ಹೊರಗೆ ಬಂದಿದೆ ಎಂದು ಖಾತ್ರಿ ಆಗುವವರೆಗೆ ಕೆಲಸ ಮುಗಿದಿಲ್ಲ. ಬಾಟಲ್ ತುಂಬಿರುವುದು ಅದಕ್ಕೆ ಸಾಕ್ಷಿ ಅಲ್ಲ.

ಗಾಳಿ ಇದ್ದರೆ ಏನಾಗುತ್ತದೆ

ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಎಂಜಿನ್‌ನಲ್ಲಿ ಆ ಜಾಗ ಅಂದರೆ ಸಿಲಿಂಡರ್ ಹೆಡ್, ಥರ್ಮೋಸ್ಟಾಟ್ ಕೂರುವ ಮನೆ, ಮತ್ತು ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್ (ಹೀಟರ್‌ಗೆ ಬಿಸಿ ಕೊಡುವ ಸಣ್ಣ ರೇಡಿಯೇಟರ್). ಹೆಡ್ ಅತಿ ಹೆಚ್ಚು ಬಿಸಿಯಾಗುವ ಭಾಗ. ಅಲ್ಲಿ ಕೂಲಂಟ್ ಇರಬೇಕಾದ ಕಡೆ ಗಾಳಿ ಕೂತರೆ ಆ ಚೂರು ಲೋಹ ಮಾತ್ರ ವಿಪರೀತ ಕಾಯುತ್ತದೆ. ಈಗಿನ ಹೆಡ್‌ಗಳು ಅಲ್ಯೂಮಿನಿಯಂ. ಹೆಚ್ಚು ಕಾದರೆ ಬೆಂಡ್ ಆಗುತ್ತವೆ, ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಹಾಳೆ) ಹೋಗುತ್ತದೆ. ಅರ್ಧ ದಿನದ ತಾಳ್ಮೆ ಉಳಿಸಲು ಹೋಗಿ ಹೆಡ್ ಇಳಿಸುವ ಖರ್ಚು ತಂದುಕೊಳ್ಳಬೇಡಿ.

ಇನ್ನೊಂದು ಮೋಸ ಇದೆ. ಟೆಂಪರೇಚರ್ ಸೆನ್ಸರ್‌ನ ತುದಿ ಕೂಲಂಟ್‌ನಲ್ಲಿ ಮುಳುಗಿರಬೇಕು. ಅದರ ಸುತ್ತ ಗಾಳಿ ಇದ್ದರೆ ನಿಜವಾದ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಹಾಗಾಗಿ ಮುಳ್ಳು ಇಳಿಯಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಏರಿ ಇಳಿಯುವುದೇ ಗಾಳಿಯ ಲಕ್ಷಣ.

ಬೇರೆ ಲಕ್ಷಣಗಳೂ ಇವೆ. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ನೀರು ಗಳಗಳ ಅನ್ನುವುದು. ಎಂಜಿನ್ ಪೂರ್ತಿ ಕಾದಿದ್ದರೂ ಹೀಟರ್‌ನಲ್ಲಿ ತಣ್ಣನೆ ಗಾಳಿ ಬರುವುದು. ನಮ್ಮ ಮೈಸೂರಿನಲ್ಲಿ ಡಿಸೆಂಬರ್‌ನಲ್ಲೂ ಹೀಟರ್ ಹಾಕುವವರು ಕಡಿಮೆ ಅಲ್ವಾ? ಆ ಗುಂಡಿ ವರ್ಷಗಟ್ಟಲೆ ನೀಲಿ ಬದಿಯಲ್ಲೇ ಇರುತ್ತದೆ. ಆದರೆ ಈ ಕೆಲಸದಲ್ಲಿ ಅದರಷ್ಟು ಉಪಯೋಗದ ಸಾಧನ ಇನ್ನೊಂದಿಲ್ಲ.

ಮೊದಲು ನಿಮ್ಮ ಕಾರು ಯಾವ ಬಗೆಯದು ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂದಿನ ವಿಧಾನವೆಲ್ಲ ಇದರ ಮೇಲೇ ನಿಂತಿದೆ.

ರೇಡಿಯೇಟರ್ ತಲೆಯ ಮೇಲೇ ಲೋಹದ ಮುಚ್ಚಳ ಇದ್ದು, ಪಕ್ಕದಲ್ಲಿ ಸಣ್ಣ ಪೈಪಿನಿಂದ ಜೋಡಿಸಿದ ಪ್ಲಾಸ್ಟಿಕ್ ಬಾಟಲ್ ಇದ್ದರೆ ಅದು ಮೊದಲನೇ ಬಗೆ. ಹಳೇ ಸಣ್ಣ ಕಾರುಗಳಲ್ಲಿ ಇದೇ ಜಾಸ್ತಿ. ಇಲ್ಲಿ ಬಾಟಲ್‌ನಲ್ಲಿ ಒತ್ತಡ ಇರುವುದಿಲ್ಲ. ಬಿಸಿಯಾಗಿ ಹಿಗ್ಗಿದ ಕೂಲಂಟ್ ಅದಕ್ಕೆ ಹೋಗಿ, ತಣ್ಣಗಾದಾಗ ವಾಪಸ್ ಬರುತ್ತದೆ. ಬಾಟಲ್‌ಗೆ ಎಷ್ಟು ಸುರಿದರೂ ರೇಡಿಯೇಟರ್ ತುಂಬುವುದಿಲ್ಲ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಬಾಟಲ್ ತುಂಬಿಸಿದ್ದರು, ರೇಡಿಯೇಟರ್ ಮುಚ್ಚಳ ತೆಗೆದು ತುಂಬಿಸಿರಲಿಲ್ಲ.

ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದೆ, ಗಟ್ಟಿ ಪ್ಲಾಸ್ಟಿಕ್ ಟ್ಯಾಂಕಿಗೆ ತಿರುಪಿನ ಮುಚ್ಚಳ ಇದ್ದರೆ ಅದು ಎರಡನೇ ಬಗೆ. ಇಲ್ಲಿ ಟ್ಯಾಂಕಿನಲ್ಲೇ ಒತ್ತಡ ಇರುತ್ತದೆ. ರೇಡಿಯೇಟರ್ ಅಥವಾ ಹೆಡ್‌ನ ಮೇಲ್ಭಾಗದಿಂದ ಒಂದು ಸಣ್ಣ ಪೈಪ್ ಟ್ಯಾಂಕಿಗೆ ಬಂದು ಸೇರುತ್ತದೆ. ಗಾಳಿ ಅದರಲ್ಲೇ ಮೇಲೆ ಬಂದು ಬಿಡುತ್ತದೆ. ಹಾಗಾಗಿ ಇಂಥ ಕಾರುಗಳಲ್ಲಿ ಕೆಲಸ ಸ್ವಲ್ಪ ಸುಲಭ.

ಜೊತೆಗೆ ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಬಿಡುವ ಸಣ್ಣ ತಿರುಪು, ಇದೆಯಾ ಅಂತ ಹುಡುಕಿ. ಥರ್ಮೋಸ್ಟಾಟ್ ಮನೆಯ ಮೇಲೆ, ಮೇಲಿನ ಹೋಸ್ ಮೇಲೆ, ರೇಡಿಯೇಟರ್‌ನ ಮೂಲೆಯಲ್ಲಿ, ಇಲ್ಲವೇ ಹೀಟರ್ ಪೈಪಿನ ಮೇಲೆ ಇರಬಹುದು. ಎಷ್ಟೋ ಕಾರುಗಳಲ್ಲಿ ಇರುವುದೇ ಇಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಕೂಲಂಟ್, ಎಷ್ಟು ಲೀಟರ್ ಅಂತ ಇರುತ್ತದೆ. ಆ ಅಂಕಿ ಬರೆದಿಟ್ಟುಕೊಳ್ಳಿ.

ಬೇಕಾದ ಸಾಮಾನು

ಕೂಲಂಟ್, ಅಗಲ ಬಾಯಿಯ ಆಲಿಕೆ, ಹೋಸ್ ಕ್ಲಿಪ್‌ಗೆ ಪಕ್ಕಡ್, ಬ್ಲೀಡ್ ಸ್ಕ್ರೂಗೆ ತಕ್ಕ ಸ್ಪ್ಯಾನರ್, ದಪ್ಪ ಕೈಗವಸು, ಹಳೇ ಟವಲ್, ಕೆಳಗಿಡಲು ಬೇಸಿನ್, ಚಕ್ರಕ್ಕೆ ಕೊಡಲು ಎರಡು ಕಲ್ಲು. ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆ ಸಿಕ್ಕರೆ ತುಂಬ ಒಳ್ಳೆಯದು. ಅದು ಎಂಜಿನ್‌ಗಿಂತ ಎತ್ತರಕ್ಕೆ ನಿಲ್ಲುವುದರಿಂದ ಗಾಳಿ ತಾನಾಗಿ ಅಲ್ಲಿಗೆ ಬರುತ್ತದೆ.

ಕೂಲಂಟ್ ಬಗ್ಗೆ ಎರಡು ಮಾತು. ಬಣ್ಣ ನೋಡಿ ತರಬೇಡಿ. ಟೊಯೋಟಾದ್ದು ಗುಲಾಬಿ, ಹೋಂಡಾದ್ದು ನೀಲಿ, ಆದರೆ ಬಣ್ಣಕ್ಕೂ ಒಳಗಿನ ರಸಾಯನಕ್ಕೂ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಹೊಂದದ ಎರಡು ಬಗೆ ಬೆರೆತರೆ ಲೋಳೆ ಕಟ್ಟಬಹುದು. ಪುಸ್ತಕದಲ್ಲಿ ಹೇಳಿದ್ದನ್ನೇ ತನ್ನಿ. ಡಬ್ಬಿಯ ಮೇಲೆ ಮೊದಲೇ ಬೆರೆಸಿದ್ದು ಅಂತ ಇದ್ದರೆ ನೀರು ಸೇರಿಸಬೇಡಿ. ಗಟ್ಟಿ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಸೇರಿಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ಸ್ನಾನದ ಗೀಸರ್ ಕಾಯಿಲ್ ಮೇಲೆ ಬಿಳಿ ಚೆಕ್ಕೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಅದೇ ಚೆಕ್ಕೆ ಕಟ್ಟಿದರೆ ಗಾಳಿ ತೆಗೆದರೂ ಗಾಡಿ ಹೀಟ್ ಆಗುತ್ತದೆ.

ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಸಾಯಬಹುದು. ಮಕ್ಕಳ ಕೈಗೂ ಸಿಗಬಾರದು. ಚೆಲ್ಲಿದ ಕೂಡಲೇ ಒರೆಸಿ, ನೀರು ಹಾಕಿ ತೊಳೆಯಿರಿ.

ಮೈಸೂರಿನ ಎತ್ತರದ ಲೆಕ್ಕ

ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ನಮಗೆ ಮುಖ್ಯ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ಬರೀ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಡ್ಯ ಸ್ವಲ್ಪ ಕೆಳಗಿದೆ, ಆದರೂ ದೊಡ್ಡ ವ್ಯತ್ಯಾಸ ಇಲ್ಲ. ಬಹಳಷ್ಟು ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆಯುವುದು 82ರಿಂದ 88 ಡಿಗ್ರಿಗೆ. ರೇಡಿಯೇಟರ್ ಫ್ಯಾನ್ ತಿರುಗುವುದು 95 ಡಿಗ್ರಿ ದಾಟಿದ ಮೇಲೆ. ಅಂದರೆ ಬರೀ ನೀರು ಹಾಕಿ, ಮುಚ್ಚಳ ತೆಗೆದಿಟ್ಟು ಫ್ಯಾನ್ ಬರಲಿ ಅಂತ ಕಾಯುತ್ತಾ ಕೂತರೆ ಫ್ಯಾನ್‌ಗಿಂತ ಮೊದಲು ನೀರೇ ಕುದ್ದು ಉಕ್ಕಬಹುದು. ಉಕ್ಕುವಾಗ ಬರುವ ಗುಳ್ಳೆ ಗಾಳಿಯದ್ದು ಅಂತ ನಾವು ತಪ್ಪು ತಿಳಿಯುತ್ತೇವೆ.

ಅರ್ಧಕ್ಕರ್ಧ ಕೂಲಂಟ್ ಇಲ್ಲಿ ಸುಮಾರು 103 ಡಿಗ್ರಿವರೆಗೆ ತಡೆಯುತ್ತದೆ. ಮುಚ್ಚಳ ಹಾಕಿದರೆ ಇನ್ನೂ 20 ಡಿಗ್ರಿ ಮೇಲಕ್ಕೆ ಹೋಗುತ್ತದೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುವುದು ಅದು ಹಿಡಿದಿಡುವ ಒತ್ತಡ, ಬಾರ್ ಲೆಕ್ಕದಲ್ಲಿ. ಆ ಒತ್ತಡವೇ ಕೂಲಂಟ್ ಕುದಿಯದಂತೆ ತಡೆಯುವುದು. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು ಕೂಲಂಟ್ ಮುಖಕ್ಕೆ ಹಾರುವುದೂ ಇದೇ ಕಾರಣಕ್ಕೆ. ಮೇಲಿನ ಹೋಸ್ ಅನ್ನು ಬರಿಗೈಲಿ ಹಿಡಿದು ಆರಾಮಾಗಿ ಹಿಸುಕಲು ಆಗುವವರೆಗೆ ಮುಚ್ಚಳ ಮುಟ್ಟಬೇಡಿ. ಅವಸರ ಇದ್ದರೆ ಈ ಕೆಲಸ ನಾಳೆಗೆ ಇಟ್ಟುಕೊಳ್ಳಿ.

ಈಗ ಕೆಲಸಕ್ಕೆ ಇಳಿಯೋಣ

ಬೆಳಿಗ್ಗೆ, ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯಲ್ಲಿ ಶುರು ಮಾಡಿ. ಮೂತಿ ಮೇಲಕ್ಕೆ ಇರುವಂತೆ ನಿಲ್ಲಿಸಿ. ರಸ್ತೆಯಿಂದ ಗೇಟಿಗೆ ಹತ್ತುವ ಇಳಿಜಾರು ಎಷ್ಟೋ ಮನೆಗಳಲ್ಲಿ ಇರುತ್ತದೆ, ಅಷ್ಟು ಸಾಕು. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದ ಜಾಗ ಆಗಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರಗಳ ಹಿಂದೆ ಕಲ್ಲು ಕೊಡಿ. ಜಾಕ್ ಮೇಲೆ ನಿಲ್ಲಿಸಿ ಎಂಜಿನ್ ಓಡಿಸುವ ಸಾಹಸ ಬೇಡ. ಮುಚ್ಚಿದ ಶೆಡ್ಡಿನ ಒಳಗೂ ಬೇಡ, ಹೊಗೆ ವಿಷ.

ಇಗ್ನಿಷನ್ ಆನ್ ಮಾಡಿ ಹೀಟರ್ ಗುಂಡಿಯನ್ನು ಪೂರ್ತಿ ಕೆಂಪಿಗೆ ತಿರುಗಿಸಿ. ಬ್ಲೋವರ್ ಒಂದನೇ ಸ್ಪೀಡ್‌ನಲ್ಲಿರಲಿ, ಎಸಿ ಆಫ್ ಇರಲಿ. ಕೆಲವು ಕಾರುಗಳಲ್ಲಿ ಹೀಟರ್‌ಗೆ ಹೋಗುವ ಕೂಲಂಟ್‌ಗೆ ವಾಲ್ವ್ ಇರುತ್ತದೆ. ಗುಂಡಿ ತಿರುಗಿಸದಿದ್ದರೆ ಅಲ್ಲಿನ ಗಾಳಿ ಅಲ್ಲೇ ಉಳಿಯುತ್ತದೆ. ವಾಲ್ವ್ ಇಲ್ಲದ ಕಾರಿನಲ್ಲೂ ಕೊನೆಗೆ ಪರೀಕ್ಷೆಗೆ ಇದು ಬೇಕು.

ಮೊದಲನೇ ಬಗೆಯ ಕಾರು ಆದರೆ ರೇಡಿಯೇಟರ್ ಮುಚ್ಚಳ ತೆಗೆದು ಆಲಿಕೆ ಇಟ್ಟು ಕೂಲಂಟ್ ಸುರಿಯಿರಿ. ನಿಧಾನಕ್ಕೆ, ದಾರದಂತೆ. ಜೋರಾಗಿ ಸುರಿದರೆ ಬಾಯಿ ಮುಚ್ಚಿಕೊಂಡು ಗಾಳಿಗೆ ಹೊರಬರಲು ಜಾಗವೇ ಇರುವುದಿಲ್ಲ. ಬ್ಲೀಡ್ ಸ್ಕ್ರೂ ಇದ್ದರೆ ಈಗಲೇ ಸಡಿಲ ಮಾಡಿ. ಮೊದಲು ಬುಸ್ ಅನ್ನುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆ ಇಲ್ಲದ ಕೂಲಂಟ್. ಅದು ಬಂದ ಕೂಡಲೇ ಬಿಗಿ ಮಾಡಿ. ಇವು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಕೈಬಲ ತೋರಿಸಿದರೆ ಮುರಿಯುತ್ತವೆ.

ಬಾಯಿಯವರೆಗೆ ತುಂಬಿದ ಮೇಲೆ ಮೇಲಿನ ಮತ್ತು ಕೆಳಗಿನ ಹೋಸ್ ಅನ್ನು ಒಂದೊಂದಾಗಿ ಹಿಸುಕಿ ಬಿಡಿ. ಹಸು ಕರೆಯುವ ಹಾಗೆ, ಒಂದೇ ಲಯದಲ್ಲಿ. ಬುಳಕ್ ಬುಳಕ್ ಅಂತ ಗುಳ್ಳೆ ಮೇಲೆ ಬಂದು ಮಟ್ಟ ಇಳಿಯುತ್ತದೆ. ಮತ್ತೆ ಸುರಿಯಿರಿ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಬಹಳಷ್ಟು ಗಾಳಿ ಹೀಗೆ ಹೋಗಿಬಿಡುತ್ತದೆ. ನಾನು ಇದಕ್ಕೆ ಹತ್ತು ನಿಮಿಷ ಕೊಡುತ್ತೇನೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಮುಚ್ಚಳ ತೆಗೆದೇ ಇರಲಿ. ಫ್ಯಾನ್ ಹತ್ತಿರ ಟವಲ್, ಲುಂಗಿ, ದುಪಟ್ಟಾ ಬಾರದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ದಿಢೀರನೆ ತಿರುಗುತ್ತದೆ. ಮೊದಲ ಕೆಲವು ನಿಮಿಷ ಸಣ್ಣ ಗುಳ್ಳೆಗಳು ಬರುತ್ತಿರುತ್ತವೆ. ಥರ್ಮೋಸ್ಟಾಟ್ ಇನ್ನೂ ಮುಚ್ಚಿರುತ್ತದೆ, ಹಾಗಾಗಿ ಮೇಲಿನ ಹೋಸ್ ಅಷ್ಟಾಗಿ ಬಿಸಿ ಇರುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಅದು ಒಮ್ಮೆಲೇ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ ತೆರೆಯಿತು ಅಂತ ಅರ್ಥ. ಈ ಹೊತ್ತಿಗೆ ದೊಡ್ಡದಾಗಿ ಒಂದು ಗುಳ್ಳೆ ಬಂದು ಮಟ್ಟ ಗಕ್ಕನೆ ಇಳಿಯಬಹುದು. ಗಾಬರಿ ಬೇಡ. ಅದುವರೆಗೆ ಥರ್ಮೋಸ್ಟಾಟ್ ಹಿಂದೆ ಅಡಗಿದ್ದ ಗಾಳಿ ಅದು. ಅದನ್ನು ಹೊರಗೆ ಕರೆಯುವುದಕ್ಕೇ ಇಷ್ಟು ಹೊತ್ತು ಕಾದದ್ದು.

ಮಟ್ಟ ಸರಿ ಮಾಡಿ. ಇನ್ನೊಬ್ಬರು ಇದ್ದರೆ ಆಕ್ಸಿಲರೇಟರ್ ಒತ್ತಿ ಸುಮಾರು 2,000 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿಯಲು ಹೇಳಿ, ಬಿಡಲು ಹೇಳಿ. ಮೂರ್ನಾಲ್ಕು ಸಲ ಸಾಕು. ಬಿಟ್ಟಾಗ ಮಟ್ಟ ಏರಿ ಬರುತ್ತದೆ, ಮುಖ ದೂರ ಇರಲಿ. ಕೈಗವಸು ಹಾಕಿಕೊಂಡು ಹೋಸ್ ಹಿಸುಕಿ. ಗುಳ್ಳೆ ನಿಂತಿತು ಅನ್ನಿಸಿದ ಮೇಲೆ ಬಾಯಿಯವರೆಗೆ ತುಂಬಿಸಿ ಮುಚ್ಚಳ ಹಾಕಿಬಿಡಿ. ಫ್ಯಾನ್ ಬರುವವರೆಗೂ ತೆಗೆದಿಡಬೇಡಿ. ಎತ್ತರದ ಲೆಕ್ಕ ನೆನಪಿದೆಯಲ್ಲ? ಬಾಟಲ್ ಅನ್ನು ಮೇಲಿನ ಗೆರೆಗೆ ತುಂಬಿಸಿ. ಮುಚ್ಚಳ ಹಾಕಿದ ಸ್ಥಿತಿಯಲ್ಲೇ ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಿಸಿ. ಈಗ ಹೀಟರ್ ಮುಂದೆ ಕೈ ಇಡಿ. ಸುಡುವಂಥ ಗಾಳಿ ಬರಬೇಕು, ಐಡಲ್‌ನಲ್ಲೂ ಬರಬೇಕು. ರೇಸ್ ಮಾಡಿದಾಗ ಮಾತ್ರ ಬಿಸಿ ಬಂದು ಬಿಟ್ಟಾಗ ತಣ್ಣಗಾದರೆ ಒಳಗೆ ಇನ್ನೂ ಗಾಳಿ ಇದೆ.

ಎರಡನೇ ಬಗೆಯ ಕಾರಿನಲ್ಲಿ ಟ್ಯಾಂಕನ್ನು ಮೇಲಿನ ಗೆರೆಗೆ ತುಂಬಿಸಿ, ಬ್ಲೀಡ್ ಸ್ಕ್ರೂಗಳನ್ನು ಕೆಳಗಿನದರಿಂದ ಮೇಲಿನದಕ್ಕೆ ಒಂದೊಂದಾಗಿ ತೆಗೆದು ಹಾಕಿ, ಹೋಸ್ ಹಿಸುಕಿ, ಮತ್ತೆ ತುಂಬಿಸಿ. ಸ್ಟಾರ್ಟ್ ಮಾಡಿದ ಮೇಲೆ ಟ್ಯಾಂಕಿಗೆ ಬರುವ ಆ ಸಣ್ಣ ಪೈಪಿನ ಬಾಯಿ ನೋಡಿ. ಬಹಳಷ್ಟು ಕಾರುಗಳಲ್ಲಿ ಅಲ್ಲಿಂದ ಕೂಲಂಟ್ ಸಣ್ಣಗೆ ಬೀಳುವುದು ಕಾಣುತ್ತದೆ. ಮೊದಲು ಉಗುಳುತ್ತದೆ, ಆಮೇಲೆ ಒಂದೇ ಸಮ ಬೀಳುತ್ತದೆ. ಒಂದೇ ಸಮ ಬಂದ ಮೇಲೆ, ಎಂಜಿನ್ ಕಾಯುವ ಮೊದಲೇ, ಮುಚ್ಚಳ ಹಾಕಿ ಫ್ಯಾನ್‌ಗೆ ಕಾಯಿರಿ. ಬಿಸಿ ಆದ ಮೇಲೆ ಬ್ಲೀಡ್ ಸ್ಕ್ರೂ ಮುಟ್ಟಬೇಡಿ.

ಆಫ್ ಮಾಡಿ. ಪೂರ್ತಿ ತಣ್ಣಗಾಗಲು ಬಿಡಿ, ಮೂರು ನಾಲ್ಕು ಗಂಟೆಯಾದರೂ ಬೇಕು. ಆಮೇಲೆ ಮುಚ್ಚಳ ತೆಗೆದು ನೋಡಿದರೆ ಮಟ್ಟ ಇಳಿದಿರುತ್ತದೆ. ತುಂಬಿಸಿ. ಬಿಸಿ ಮಾಡಿ ತಣ್ಣಗಾಗಿಸುವ ಈ ಸುತ್ತನ್ನು ಇನ್ನೊಂದು ಸಲ ಮಾಡಿ. ಗ್ಯಾರೇಜುಗಳಲ್ಲಿ ಅವಸರಕ್ಕೆ ಬಿಟ್ಟುಹೋಗುವುದು ಈ ಎರಡನೇ ಸುತ್ತೇ.

ಇನ್ನೊಂದು ಸರಳ ಲೆಕ್ಕ. ಹಳೇ ಕೂಲಂಟ್ ಇಳಿಸಿದಾಗ ಅಳೆದಿಟ್ಟುಕೊಳ್ಳಿ. 4 ಲೀಟರ್ ಇಳಿದು 3 ಲೀಟರ್ ಮಾತ್ರ ಒಳಗೆ ಹೋಗಿದ್ದರೆ, ಉಳಿದ 1 ಲೀಟರ್ ಜಾಗದಲ್ಲಿ ಗಾಳಿ ಕೂತಿದೆ.

ಗುಳ್ಳೆ ನಿಲ್ಲದಿದ್ದರೆ

ಅರ್ಧ ಗಂಟೆ ಆದರೂ ಗುಳ್ಳೆ ಒಂದೇ ಸಮ ಬರುತ್ತಿದ್ದರೆ, ಎರಡು ಸುತ್ತು ಮುಗಿದರೂ ಮಟ್ಟ ಇಳಿಯುತ್ತಿದ್ದರೆ, ಅದು ಹೊರಗಿನಿಂದ ಸೇರಿದ ಗಾಳಿ ಅಲ್ಲದೆ ಇರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರ್ ಒಳಗಿನ ಗ್ಯಾಸೇ ಕೂಲಂಟ್‌ಗೆ ನುಗ್ಗುತ್ತದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಕಾಫಿ ಬಣ್ಣದ ಕೆನೆ ಇದೆಯಾ, ಎಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದೆಯಾ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆಯಾ ನೋಡಿ. ಒಂದಾದರೂ ಹೌದು ಅಂದರೆ ಗಾಡಿ ಓಡಿಸಬೇಡಿ. ಕೂಲಂಟ್‌ನಲ್ಲಿ ಎಕ್ಸಾಸ್ಟ್ ಗ್ಯಾಸ್ ಇದೆಯೇ ಅಂತ ಬಣ್ಣ ಬದಲಾಗುವ ದ್ರವದಿಂದ ಪತ್ತೆ ಮಾಡುವ ಪರೀಕ್ಷೆ ಇದೆ. ನಂಬಿಕೆಯ ಮೆಕ್ಯಾನಿಕ್ ಹತ್ತಿರ ಅದನ್ನು ಮಾಡಿಸಿ.

ಗ್ಯಾಸ್ಕೆಟ್ ಚೆನ್ನಾಗಿದ್ದರೆ ಮುಚ್ಚಳದ ರಬ್ಬರ್ ನೋಡಿ. ಗಟ್ಟಿಯಾಗಿ ಸೀಳಿದ್ದರೆ ಮುಚ್ಚಳ ಬದಲಾಯಿಸಿ, ದೊಡ್ಡ ಖರ್ಚಲ್ಲ. ತಣ್ಣಗಾಗುವಾಗ ಒಳಗೆ ಎಳೆತ ಉಂಟಾಗುತ್ತದೆ. ಸಡಿಲ ಕ್ಲಿಪ್ ಇದ್ದರೆ ಹೊರಗೆ ಒಂದು ಹನಿ ಸೋರದಿದ್ದರೂ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಬಾಟಲ್‌ಗೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದ್ದರೂ ಹೀಗೇ ಆಗುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸಿದ್ದರೆ ಇನ್ನೊಂದು ವಿಷಯ ಕೇಳಿ. ಅದರ ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಸಾಮಾನ್ಯವಾಗಿ ಅದು ಮೇಲ್ಭಾಗಕ್ಕೆ ಬರಬೇಕು. ಮುಚ್ಚಿದ ಥರ್ಮೋಸ್ಟಾಟ್‌ನಿಂದ ಗಾಳಿ ನುಸುಳಿ ಹೊರಬರಲು ಇಟ್ಟ ಕಿಂಡಿ ಅದು. ಕೆಳಗೆ ಬಂದರೆ ಕೆಲಸಕ್ಕೆ ಬಾರದು.

ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಕಾರುಗಳಿಗೆ ಈ ವಿಧಾನ ಹೊಂದುವುದಿಲ್ಲ. ಅವಕ್ಕೆ ಕಂಪನಿಯದೇ ಕ್ರಮ ಇರುತ್ತದೆ. ಹೈಬ್ರಿಡ್ ಕಾರು ಆದರೆ ಸುಮ್ನೆ ಕೈ ಹಾಕಬೇಡಿ. ಕಂಪ್ರೆಸರ್ ಇರುವ ಗ್ಯಾರೇಜುಗಳಲ್ಲಿ ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದು, ಆ ಎಳೆತದಿಂದಲೇ ಕೂಲಂಟ್ ತುಂಬುವ ಸಾಧನ ಇರುತ್ತದೆ. ಹೀಟರ್ ಪೈಪುಗಳು ಉದ್ದ ಇರುವ ದೊಡ್ಡ ಗಾಡಿಗಳಿಗೆ ಅದೇ ಒಳ್ಳೆಯದು. ಆ ಎಳೆತ ಹಾಗೇ ಉಳಿಯದೆ ಕಡಿಮೆಯಾದರೆ ಎಲ್ಲೋ ಸೋರಿಕೆ ಇದೆ ಅಂತ ಕೂಲಂಟ್ ಹಾಕುವ ಮೊದಲೇ ಗೊತ್ತಾಗುತ್ತದೆ.

ರಸ್ತೆ ಪರೀಕ್ಷೆ

ಮೊದಲ ದಿನವೇ ದೂರ ಹೋಗಬೇಡಿ. ರಿಂಗ್ ರೋಡ್‌ನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಮುಳ್ಳಿನ ಮೇಲೆ ಕಣ್ಣಿರಲಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿ, ಬೇಕಿದ್ದರೆ ತುಂಬಿಸಿ. ಆಮೇಲೆ ಚಾಮುಂಡಿ ಬೆಟ್ಟ ಹತ್ತಿಸಿ. ಬೆಟ್ಟ 1,000 ಮೀಟರಿಗಿಂತ ಎತ್ತರದಲ್ಲಿದೆ. ಕಡಿಮೆ ಗೇರ್, ನಿಲ್ಲದ ಏರು, ಎದುರು ಗಾಳಿಯೂ ಕಡಿಮೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಊರ ಹತ್ತಿರ ಸಿಗುವುದಿಲ್ಲ. ಅಲ್ಲಿ ಮುಳ್ಳು ಕದಲದಿದ್ದರೆ ಬಂಡೀಪುರದ ಕಡೆಯಿಂದ ಊಟಿ ಘಾಟಿಗೂ ಧೈರ್ಯವಾಗಿ ಹೋಗಬಹುದು. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಇಳಿಸಿದ ಹಳೇ ಕೂಲಂಟ್ ಅನ್ನು ಚರಂಡಿಗೆ ಬಿಡಬೇಡಿ. ಮಂಡ್ಯ ಕಡೆಯವರು ನಾಲೆಗಂತೂ ಬಿಡಲೇಬೇಡಿ, ಅದೇ ನೀರನ್ನು ದನ ಕುಡಿಯುತ್ತವೆ. ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ವಿಷ ಅಂತ ಬರೆದು, ಹಳೇ ಕೂಲಂಟ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಕೊನೆಯದಾಗಿ ಬಾಟಲ್ ಮೇಲೆ ತಣ್ಣನೆ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ವಾರದ ತನಕ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ಮೊದಲ ಎರಡು ದಿನ ಬೆರಳಗಲ ಇಳಿಯಬಹುದು, ಅದು ಉಳಿದ ಚೂರು ಗಾಳಿ. ಮೂರನೇ ದಿನದಿಂದ ಗೆರೆ ಕದಲಬಾರದು. ವಾರ ಪೂರ್ತಿ ಅಲ್ಲೇ ನಿಂತರೆ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಕೂಲಂಟ್ ಕ್ಯಾನನ್ನು ತೆಗೆದು ಮನೆಯ ಅಟ್ಟಕ್ಕೆ ಹಾಕಬಹುದು.